ಕಂಬಕ್ಕೆ ಸೀರೆ ಉಡಿಸುತ್ತಿದ್ದ ಸುಂಕಮ್ಮ

ನನ್ನ ದೊಡ್ಡಮ್ಮ ಸುಂಕಮ್ಮ ಆದೋನಿಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆದರೆ ಅವಳ ಕೆಲಸ ಅಂಗಡಿಯ ಒಳಗಿರಲಿಲ್ಲ. ಆಂಧ್ರಕ್ಕೆ ಕರ್ನೂಲು ರಾಜಧಾನಿಯಾಗಿದ್ದ ಆ ವರ್ಷಗಳಲ್ಲಿ ದೊಡ್ಡ ಮನೆಗಳ ಹೆಂಗಸರು ಬಜಾರಿಗೆ ಬಂದು, ಗಂಡಸರ ಎದುರು ಗಾದಿಯ ಮೇಲೆ ಕೂತು ಸೀರೆ ಆರಿಸುತ್ತಿರಲಿಲ್ಲ. ಅಂಗಡಿಯೇ ಅವರ ಮನೆಗೆ ಹೋಗಬೇಕಾಗಿತ್ತು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಸೀರೆಗಳ ಗಂಟನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಮನೆಗೆ ಹೋಗುವವಳು ಸುಂಕಮ್ಮ. ಮನಸ್ಸಿಗೆ ಬಂದ ಸೀರೆಯನ್ನು ಮನೆಯವರು ಕೆಲವು ದಿನ ಇಟ್ಟುಕೊಂಡು, ಹಿರಿಯರಿಗೆ ತೋರಿಸಿ, ಬೇಡವಾದರೆ ಮರಳಿಸುತ್ತಿದ್ದರು. ಎಲ್ಲ ನಂಬಿಕೆಯ ಮೇಲೆ ನಡೆಯುತ್ತಿತ್ತು.

ಅವಳ ಗಂಡ ಓಬಳೇಶ ಅದೇ ಅಂಗಡಿಗೆ ಬಟ್ಟೆಯ ಬೇಲು ಹೊರುತ್ತಿದ್ದವನು. ಬೆನ್ನು ಹಿಡಿದು ಅವನು ಮನೆಯಲ್ಲಿ ಕೂತ ಮೇಲೆ ಇವಳಿಗೆ ಈ ಕೆಲಸ ಸಿಕ್ಕಿತ್ತು. ಇದು ಹೋದರೆ ಮನೆಯಲ್ಲಿ ಬೇರೆ ದುಡಿಯುವ ಕೈ ಇರಲಿಲ್ಲ.

ಸುಂಕಮ್ಮನದೊಂದು ಪದ್ಧತಿಯಿತ್ತು. "ಹೆಗಲ ಮ್ಯಾಲ ಹಾಕ್ಕೊಂಡು ತೋರ್ಸೇ, ಸೆರಗು ಹೆಂಗ ಬೀಳ್ತೈತಿ ನೋಡೋಣು" ಎಂದು ಯಾರಾದರೂ ಕೇಳಿದರೆ ಅವಳು ಒಪ್ಪುತ್ತಿರಲಿಲ್ಲ.

"ಬ್ಯಾಡ್ರೆವ್ವಾ, ನನ್ನ ಬೆವರು ಹತ್ತೀತು" ಎಂದು ಪಡಸಾಲೆಯ ಕಂಬಕ್ಕೆ ಸೀರೆ ಸುತ್ತುತ್ತಿದ್ದಳು. ನೆರಿಗೆ ಹಿಡಿದು, ಸೆರಗು ಇಳಿಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಹೆಂಗಸರಿಗೆ ಅದೇ ಒಂದು ಆಟ.

"ನಮ್ಮ ಕಂಬ ನನಗಿಂತ ಚೆಂದ ಕಾಣ್ತೈತಲ್ಲೇ! ಇದಕ್ಕೊಂದು ವರ ನೋಡ್ರಿ" ಎಂದು ನಗುತ್ತಿದ್ದರು.

ಅವಳೂ ನಗುತ್ತಿದ್ದಳು. ಊರಿನ ಎಷ್ಟೋ ಮದುವೆಯ ಸೀರೆಗಳನ್ನು ಅವಳು ಹೊತ್ತಿದ್ದಳು, ಒಂದೂ ಅವಳ ಮೈ ಮುಟ್ಟಿರಲಿಲ್ಲ. ಬಡವಳಾದ ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಹತ್ತಿ ವ್ಯಾಪಾರಿಗಳ ಮನೆಯ ಸೊಸೆ ಗುರುಬಸಮ್ಮ ಒಮ್ಮೆ ಬದನೆಕಾಯಿ ಬಣ್ಣದ ಒಂದು ಗದ್ವಾಲ ಸೀರೆಯನ್ನು ನೋಡಲು ಇಟ್ಟುಕೊಂಡಳು. ಮುಂದಿನ ವಾರ ಸುಂಕಮ್ಮ ಹೋದಾಗ ಬಾಗಿಲಲ್ಲೇ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

"ನಮ್ಮತ್ತಿಗೆ ಬಣ್ಣ ಮನಸಿಗೆ ಬರಲಿಲ್ಲ. ತಗೊಂಡು ಹೋಗು."

ಸುಂಕಮ್ಮ ಅದನ್ನು ಬಿಚ್ಚಿ ನೋಡಲಿಲ್ಲ. ದೊಡ್ಡ ಮನೆಯವರ ಎದುರು ಬಿಚ್ಚಿ ನೋಡಿದರೆ ಅವರನ್ನು ಅನುಮಾನಿಸಿದಂತೆ. ಹಾಗೇ ತಂದು ಅಂಗಡಿಯಲ್ಲಿಟ್ಟಳು.

ಅಂಗಡಿಯ ಮಾಲೀಕರು ಹೆಚ್ಚಾಗಿ ಸೊಲ್ಲಾಪುರದ ಖರೀದಿಯಲ್ಲೇ ಇರುತ್ತಿದ್ದರು. ಇಲ್ಲಿನ ಯಜಮಾನಿಕೆಯೆಲ್ಲ ಲೆಕ್ಕ ನೋಡುವ ಮುನೀಮ ಚಂದ್ರಣ್ಣನದು. ಅವನು ಸೀರೆ ಬಿಡಿಸಿದ. ಅಂಚಿನಲ್ಲಿ ಅಂಗೈಯಗಲ ತುಪ್ಪದ ಕಲೆ. ಚಂದ್ರಣ್ಣನಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತಿತ್ತು.

"ಎವರು ಕಟ್ಟುಕುನ್ನಾರೇ ಈ ಚೀರ? ಯಾರು ಉಟ್ಟಾರ ಇದನ್ನ?"

ಗಾದಿಯ ಮೇಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಬಟ್ಟೆಯ ಥಾನು ಹರಿಯುತ್ತಿದ್ದ ಮೌಲಾಲಿ, ಹಳೆಯ ಕೆಲಸಗಾರ, ತಮಾಷೆಗೆಂದೇ ಅಂದ: "ಸುಂಕಮ್ಮಕ್ಕಾ, ಕಂಬಕ್ಕ ಉಡಿಸಿ ಉಡಿಸಿ ಬ್ಯಾಸರ ಆಗಿ ನೀನೇ ಉಟ್ಟುಬಿಟ್ಟಿಯೇನು?"

ಅಂಗಡಿ ತುಂಬ ನಗು. ಚಂದ್ರಣ್ಣ ಅವಳನ್ನು ಹಿಂದಿನ ಕೋಣೆಗೆ ಕರೆದ.

"ಅಣ್ಣಾರ, ಸೆರಗಿನ ಅಂಚು ನೋಡ್ರಿ" ಎಂದು ಅವಳು ಮೆಲ್ಲಗೆ ಹೇಳಿದಳು. "ಇಬತ್ತಿ ಹತ್ತೈತಿ. ತಲಿ ಮ್ಯಾಲ ಸೆರಗು ಹೊತ್ತಾಕಿ ಹಣಿದು. ನಾ ಕುಂಕುಮ ಇಡಾಕಿ ಅಲ್ಲೇನ್ರಿ?"

ಚಂದ್ರಣ್ಣನ ಹಣೆಯ ಮೇಲೂ ಮೂರು ಬೆರಳಿನ ವಿಭೂತಿ ಇತ್ತು. ಅವನು ಸೆರಗನ್ನು ಬೆಳಕಿಗೆ ಹಿಡಿದು ನೋಡಿದ. ನೋಡಿ, ಅಂಗೈಯಿಂದ ಆ ಬಿಳಿ ಗುರುತನ್ನು ಕೊಡವಿ ಹಾಕಿದ.

"ಎಲ್ಲೈತಿ ಇಬತ್ತಿ?"

ಸುಂಕಮ್ಮ ಅವನ ಕೈಯನ್ನೇ ನೋಡಿದಳು.

"ಕೇಳು. ಆ ಮನಿ ಜವಳಿ ಪೂರಾ ನಮ್ಮ ಅಂಗಡಿದು. ಅವ್ರ ಸೊಸಿ ಉಟ್ಟು ಕಳಿಸ್ಯಾಳ ಅನ್ನೋ ಮಾತು ಹೊರಗ ಬಿದ್ರ ನಾಳೆ ಎದುರಂಗಡಿ ಮೆಟ್ಟಲ ಹತ್ತತಾರ. ನೀ ಉಟ್ಟೆ ಅಂದ್ರ ಯಾರಿಗೇನು ನಷ್ಟ? ನಾಲ್ಕು ಮಂದಿ ಮುಂದ ಒಂದು ಮಾತು ಅಂದುಬಿಡು, ಕೆಲಸದಾಗ ಇರು. ಇಲ್ಲಾ, ಗಂಟು ಇಲ್ಲೇ ಇಟ್ಟು ಹೋಗು."

ಅವಳಿಗೆ ಓಬಳೇಶನ ಬೆನ್ನು ನೆನಪಾಯಿತು. ಹೊರಗೆ ಬಂದಳು. ಮೌಲಾಲಿ ಕತ್ತರಿ ಕೆಳಗಿಟ್ಟ.

"ಹೌದ್ರಿ. ನಾನೇ ಉಟ್ಟಿದ್ದೆ" ಎಂದಳು.

ಈ ಸಲ ಯಾರೂ ನಗಲಿಲ್ಲ. ಚಂದ್ರಣ್ಣ ಸೀರೆಯನ್ನು ಅವಳ ಕಡೆ ಎಸೆದು, ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ ಎಂದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಓಬಳೇಶ ಗೋಡೆಗೆ ಒರಗಿ ಕೂತಿದ್ದ. ಬೈಯಲಿಲ್ಲ.

"ಹೋಗ್ಲಿ ಬಿಡು" ಎಂದ. "ಕಟ್ಟಿಕೊಂಡ ಮ್ಯಾಲ ನಿನಗೊಂದು ಚೆಂದನ ಸೀರಿ ನಾ ತರಲಿಲ್ಲ. ಒಂದು ದಿನ ಆಸಿ ಆತು, ಉಟ್ಟಿ. ತಪ್ಪು ನಂದು."

ಬೈದಿದ್ದರೆ ಅವಳು ಇಲ್ಲವೆನ್ನುತ್ತಿದ್ದಳು. ಹೊಡೆದಿದ್ದರೂ ಹೇಳುತ್ತಿದ್ದಳೇನೋ. ಇಷ್ಟು ಮೆತ್ತಗೆ ಕ್ಷಮಿಸಿದವನ ಎದುರು ಅವಳ ಬಾಯಿ ಕಟ್ಟಿತು. ಈಗ ಇಲ್ಲವೆಂದರೆ ತಪ್ಪು ಮುಚ್ಚಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಾನು ಎಂದು ಅಂಜಿದಳು. ಅಂದಿನಿಂದ ಗಂಡ ಕೊಡುವ ನೀರಿನ ಚೊಂಬನ್ನು ಸಹ ತಲೆತಗ್ಗಿಸಿ ತೆಗೆದುಕೊಳ್ಳುವಂತಾಯಿತು.

ಬಜಾರಿನಲ್ಲಿ ಅವಳಿಗೆ 'ಗದ್ವಾಲ ಸುಂಕಮ್ಮ' ಎಂಬ ಹೆಸರು ಬಿತ್ತು. ಸೀರೆ ಪೆಟ್ಟಿಗೆಯ ತಳ ಸೇರಿತು. ಸಂಬಳ ಮುರಿದ ಆ ತಿಂಗಳುಗಳಲ್ಲಿ ಹೊಸ ಬಟ್ಟೆಯ ಮಾತೇ ಇರಲಿಲ್ಲ. ಮೈಮೇಲಿನ ಸೀರೆ ಒಂದು ಬೆಳಗ್ಗೆ ಬೆನ್ನ ಮೇಲೆ ಹರಿಯಿತು, ಇನ್ನೊಂದು ಒಗೆದು ಒದ್ದೆಯಾಗಿತ್ತು. ಕೆಲಸಕ್ಕೆ ಹೊತ್ತಾಗುತ್ತಿತ್ತು.

"ಅದನ್ನ ಉಡು" ಎಂದ ಓಬಳೇಶ. "ಮಾತಂತೂ ಬಿದ್ದೈತಿ. ಸೀರಿ ಯಾಕ ಕೊಳಿಬೇಕು?"

ಉಟ್ಟಳು. ಓಣಿಯ ಹಿಂಬದಿಯಿಂದ, ಗೋಡೆಗಳಿಗೆ ಒತ್ತಿಕೊಂಡು ನಡೆದಳು. ಅಂದು ಚಂದ್ರಣ್ಣ ಕಳಿಸಿದ್ದು ಗುರುಬಸಮ್ಮನ ಮನೆಗೇ.

ಪಡಸಾಲೆಯಲ್ಲಿ ಗುರುಬಸಮ್ಮನ ಅತ್ತೆ ಕೊಟ್ರಮ್ಮ ಕೂತಿದ್ದಳು. ಆಸ್ಪರಿಯಿಂದ ಬಂದಿದ್ದ ಗುರುಬಸಮ್ಮನ ಸೋದರತ್ತೆ ಬಸಲಿಂಗಮ್ಮ ಪಕ್ಕದಲ್ಲಿದ್ದಳು. ಸುಂಕಮ್ಮ ಗಂಟು ಇಳಿಸುವುದಕ್ಕೂ ಕೊಟ್ರಮ್ಮ ಮಾತು ಒಗೆಯುವುದಕ್ಕೂ ಸರಿಹೋಯಿತು.

"ಬಾರೇ, ಗದ್ವಾಲದಾಕಿ. ಇವೆಲ್ಲಾ ಹೊಸಾವೇನು, ಇಲ್ಲಾ ಒಂದೊಂದ ದಿನ ನೀ ಉಟ್ಟು ತಂದಿಯೇನು?"

ಗುರುಬಸಮ್ಮ ಕಂಬದ ಹತ್ತಿರ ನಿಂತಿದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಸುಂಕಮ್ಮ ಗಂಟಿನ ಕುಣಿಕೆ ಬಿಚ್ಚಲು ಬಗ್ಗಿದಳು. ಅಂಚಿನ ಕಲೆ ಮುಂದೆ ಬಂತು. ಬಸಲಿಂಗಮ್ಮ ಕಣ್ಣು ಕಿರಿದು ಮಾಡಿದಳು.

"ಅಯ್ಯ! ಇದು ನಮ್ಮ ಗುರುಬಸು ಆಕಿ ತಮ್ಮನ ಮದುವ್ಯಾಗ ಉಟ್ಟಿದ್ದ ಸೀರಿ ಅಲ್ಲೇನು? ಪಂಕ್ತ್ಯಾಗ ತುಪ್ಪ ನೀಡೋವಾಗ ನನ್ನ ಕೈಯಿಂದಾನ ಚೆಲ್ಲಿತ್ತು. ನೋಡು, ಕಲಿ ಇನ್ನೂ ಹೋಗಿಲ್ಲ. ನಿನಗ ಕೊಟ್ಟುಬಿಟ್ಟಾಳೇನವ್ವ? ದೊಡ್ಡ ಮನಸು."

ಕೊಟ್ರಮ್ಮ ಸೊಸೆಯ ಮುಖ ನೋಡಿದಳು. ಗುರುಬಸಮ್ಮನ ಸೆರಗು ತಲೆಯಿಂದ ಜಾರಿದ್ದು ಅವಳಿಗೇ ಗೊತ್ತಾಗಲಿಲ್ಲ.

"ತವರಿಗೆ ಹಳೇ ಸೀರಿ ಉಟ್ಟು ಹೋಗಾಕ ನಾಚಿಕಿ ಆತು. ನಿಮಗ ತೋರಸದನ ಉಟ್ಟೆ, ತಿರುಗಿ ಕಳಿಸಿದೆ" ಎಂದಳು ಕೊನೆಗೆ, ನೆಲ ನೋಡುತ್ತ.

ತನ್ನ ಹೆಸರು ತೊಳೆಯುವ ಗಳಿಗೆ ಬಂದಿದೆ ಎಂದು ಸುಂಕಮ್ಮನಿಗೆ ಅನಿಸಲೇ ಇಲ್ಲವಂತೆ. ಆ ಹುಡುಗಿಯ ಮುಖ ನೋಡಲಾರದೆ ಅವಳೂ ನೆಲ ನೋಡಿದಳು.

ಕೊಟ್ರಮ್ಮನ ದನಿ ತಗ್ಗಿತು. "ಚಂದ್ರಣ್ಣಗ ಈಗಲೇ ಹೇಳಿ ಕಳಿಸ್ತೀನಿ, ಸುಂಕಮ್ಮ."

"ಆತಗ ಗೊತ್ತೈತ್ರೆವ್ವಾ. ಗೊತ್ತಿದ್ದೂ ನನ್ನ ಬಾಯಾಗ ಅನಿಸ್ಯಾನ."

"ಮತ್ತ ಯಾರಿಗೆ ಹೇಳಬೇಕು ಹೇಳು."

ಸುಂಕಮ್ಮ ಅಂಚಿನ ಕಲೆಯನ್ನು ಮಡಿಕೆಯೊಳಗೆ ಸರಿಸಿ, "ನಮ್ಮ ಮನಿಯಾತಗ" ಎಂದಳು.

ಕೊಟ್ರಮ್ಮನಿಗೆ ಅದು ದೊಡ್ಡ ಮಾತಾಯಿತು. ತಮ್ಮ ಮನೆಯ ಸೊಸೆ ಬೇಲು ಹೊರುವವನ ಗುಡಿಸಲಿಗೆ ಹೋಗುವುದುಂಟೇ? ಅವಳು ಬೇಡವೆನ್ನುವ ಮೊದಲೇ ಗುರುಬಸಮ್ಮ ಸೆರಗು ಹೊತ್ತು ಅಂಗಳಕ್ಕಿಳಿದಿದ್ದಳು.

ಬಾಗಿಲಿಗೆ ಬಂದವಳನ್ನು ಕಂಡು ಓಬಳೇಶ ಗೋಡೆ ಹಿಡಿದು ಏಳಲು ಹೆಣಗಿದ.

"ಏಳಬ್ಯಾಡ್ರಿ" ಎಂದಳು ಗುರುಬಸಮ್ಮ. "ಆ ಸೀರಿ ಉಟ್ಟಾಕಿ ನಾನು. ಈಕಿ ಅಲ್ಲ." ಅಷ್ಟು ಹೇಳಿ ನಿಲ್ಲದೆ ಹೋದಳು.

ಓಬಳೇಶ ಅರ್ಧ ಎದ್ದವನು ಹಾಗೇ ಕುಸಿದು ಕೂತ. ತಾನು ಇಷ್ಟು ದಿನ ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದು ಅವಳು ಮಾಡದ ತಪ್ಪನ್ನು. ಹೆಂಡತಿಯ ಮುಖವನ್ನು ಅವನು ನೋಡಲಾರದೆ ಹೋದ.

"ನೀ ಹೇಳಬೇಕಿತ್ತು, ಸುಂಕೀ."

"ನೀ ಕೇಳಲೇ ಇಲ್ಲ."

ಬಜಾರಿನಲ್ಲಿ ಆ ಅಡ್ಡಹೆಸರು ಹಾಗೇ ಉಳಿಯಿತು. ಚಂದ್ರಣ್ಣ ಒಂದು ಮಾತನ್ನೂ ತಿದ್ದಲಿಲ್ಲ, ಅವಳೂ ಅವನನ್ನು ಕೇಳಲು ಹೋಗಲಿಲ್ಲ. ಮರುದಿನ ಒದ್ದೆ ಆರಿದ ತನ್ನ ನೂಲಿನ ಸೀರೆಯುಟ್ಟು ಗಂಟು ಹೊತ್ತು ಹೊರಟಳು. ಓಬಳೇಶ ಗೋಡೆ ಹಿಡಿದು ಬಾಗಿಲ ತನಕ ಬಂದು ನಿಂತ. ಗಂಟನ್ನು ಅವಳ ತಲೆಯ ಮೇಲೆ ಸರಿಮಾಡಿ ಕೂಡಿಸಿದ.