ಸೊನ್ನೆಯ ಹಾಳೆಗಳು

ಹೊಳೆನರಸೀಪುರದ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ದಾಕ್ಷಾಯಣಮ್ಮ ಅಟೆಂಡರ್ ಆಗಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಕೆಲಸವೇ ಸಿಕ್ಕಿತ್ತು. ಓದು ಅಷ್ಟಕ್ಕಷ್ಟೇ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಸಂಜೆ ತೂಕದ ಪೆಟ್ಟಿಗೆ ಮುಚ್ಚುವಾಗ ಅವರು ನೋಡುತ್ತಿದ್ದುದು ಬಟ್ಟುಗಳನ್ನಲ್ಲ, ಖಾಲಿ ಗುಳಿಗಳನ್ನು. ಆ ಗುಳಿಯ ಬಟ್ಟು ಸಿಗುವವರೆಗೆ ಬೀಗ ಹಾಕುತ್ತಿರಲಿಲ್ಲ.

ಹಾಸನದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಮೇಷ್ಟ್ರು ಗೌರೀಶಂಕರ ಏಳು ವರ್ಷದಿಂದ ಒಂದು ಪಿಎಚ್‌ಡಿಗೆ ಜೋತುಬಿದ್ದಿದ್ದರು. ಅದು ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರದ ವಿಷಯ. ಒಂದು ಊರಿನಷ್ಟೇ ಅಗಲದ ಪುಟ್ಟ ನಕ್ಷತ್ರ ದೊಡ್ಡದರ ಮೈಯಿಂದ ಅನಿಲ ಎಳೆದುಕೊಳ್ಳುತ್ತದೆ. ಬೀಳುವ ಅನಿಲ ವಿಪರೀತ ಕಾದು ಎಕ್ಸ್-ರೇ ಸೂಸುತ್ತದೆ. ಉಪಗ್ರಹ ಎಣಿಸಿದ ಆ ಎಕ್ಸ್-ರೇಗಳ ಅಂಕಿಗಳು ಕಂಪ್ಯೂಟರ್ ಹಾಳೆಗಳಲ್ಲಿ ಕಟ್ಟುಕಟ್ಟಾಗಿ ಬಂದಿದ್ದವು.

೧೯೯೮ರ ಆಯುಧಪೂಜೆಗೆ ಲ್ಯಾಬು ಗುಡಿಸುವಾಗ ಮೇಷ್ಟ್ರು ಐದು ಕಟ್ಟು ತೆಗೆದುಕೊಟ್ಟರು.

“ಬರೀ ಸೊನ್ನೆ ಕಣಮ್ಮ. ಯಂತ್ರ ಕೆಟ್ಟಾಗಿನವು. ಒಲೆಗೆ ಹಾಕಿ.”

ಬಚ್ಚಲ ಒಲೆಯಲ್ಲಿ ಎರಡು ಕಟ್ಟು ಉರಿದವು. ಮೂರನೆಯದನ್ನು ಬಿಚ್ಚಿದಾಗ ದಾಕ್ಷಾಯಣಮ್ಮನ ಕಣ್ಣು ಅಂಕಿಗಳ ಮೇಲೆ ಬಿತ್ತು. ಅಂಕಿ ಇಳಿಯುತ್ತ ಬಂದು ಸೊನ್ನೆಯಾಗಿ, ಬಹಳ ಹೊತ್ತು ಹಾಗೇ ಇದ್ದು, ಮತ್ತೆ ಏರಿತ್ತು. ಉಳಿದ ಮೂರನ್ನೂ ಟ್ರಂಕಿಗೆ ಹಾಕಿದರು.

ಜನವರಿಯಲ್ಲಿ ಮೇಷ್ಟ್ರು ಬೆಂಗಳೂರಿನಿಂದ ಬಾಡಿದ ಮುಖ ಹೊತ್ತು ಬಂದರು. ಯಂತ್ರ ಕೆಟ್ಟೇ ಇರಲಿಲ್ಲವಂತೆ; ಪುಟ್ಟ ನಕ್ಷತ್ರ ದೊಡ್ಡದರ ಹಿಂದೆ ಮರೆಯಾದಾಗಲೇ ಎಕ್ಸ್-ರೇ ನಿಂತಿದ್ದು. ಆ ಸೊನ್ನೆಗಳಿಲ್ಲದೆ ಜೋಡಿ ಎಷ್ಟು ದಿನಕ್ಕೊಂದು ಸುತ್ತು ಬರುತ್ತದೆಂದು ಹೇಳುವಂತಿಲ್ಲ. ಆ ಅಂಕಿಗಳಿದ್ದ ಮೂಲ ಟೇಪಿಗೆ ಬೂಷ್ಟು ಹಿಡಿದಿತ್ತು. ಪ್ರಬಂಧಕ್ಕೆ ಮಾರ್ಚಿನ ಗಡುವು.

“ಮೂರವೆ ಸಾ, ಟ್ರಂಕಲ್ಲಿ.”

“ಸುಡಲಿಲ್ವಾ?”

“ಎರಡು ಸುಟ್ಟೆ. ಆಮೇಲೆ ಕೈ ಬರ್ನಿಲ್ಲ. ಬಟ್ಟು ಇಲ್ಲ ಅಂತ ಗುಳೀನೇ ಎಸೀತಾರಾ?”

ಮೇಷ್ಟ್ರು ಸ್ಟೂಲು ಎಳೆದು ಕೂತರು. “ಇಷ್ಟು ವರ್ಷ ಇಲ್ಲಿ ಪಾಠ ಹೇಳಿದ್ದು ನಾನೋ ನೀವೋ?”

ಆ ಕಟ್ಟುಗಳಲ್ಲಿದ್ದ ಮೂರು ಮರೆಗಳು ಲೆಕ್ಕಕ್ಕೆ ಸಾಕಾದವು. ಪ್ರಬಂಧ ಕಳಿಸುವ ಮುಂಚೆ ಮೇಷ್ಟ್ರು ಆ ಕಟ್ಟುಗಳ ಬಗ್ಗೆ ಬರೆದಿದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಿದರು: ಎರಡು ದಾಖಲೆ ಸಿಗಲಿಲ್ಲ.

“ಸುಟ್ಟೋದ್ವು ಅಂತ ಬರೀರಿ ಸಾ. ಸಿಗ್ನಿಲ್ಲ ಅಂದ್ರೆ ಮುಂದೆ ಯಾರಾದ್ರೂ ಉಡುಕ್ತಾರೆ.”

“ಯಾರು ಸುಟ್ಟಿದ್ದು ಅಂತ ಬರೀಲಿ?”

“ನಾನು.”

ಮೇಷ್ಟ್ರು ‘ನನ್ನ ತಪ್ಪಿನಿಂದ ಸುಟ್ಟುಹೋದವು’ ಎಂದು ಬರೆದರು. ದಾಖಲೆಗಳ ಪಟ್ಟಿಯಲ್ಲಿ ಆ ಎರಡರ ಜಾಗ ಖಾಲಿ ಬಿಟ್ಟರು. ದಾಕ್ಷಾಯಣಮ್ಮ ಬೆರಳಿಟ್ಟು ಎರಡನ್ನೂ ಎಣಿಸಿ, ಹಾಳೆ ವಾಪಸ್ ಕೊಟ್ಟರು.