ಮೇಷ್ಟ್ರ ಮೊಲ, ಅಜ್ಜಿಯ ಆಮೆ

ಟೇಕಲ್‌ನ ನಮ್ಮ ಬೀದಿಗೆಲ್ಲ ಒಂದೇ ಟಿವಿ ಇದ್ದ ಕಾಲವದು. ಅದಿದ್ದದ್ದು ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ. ಮರದ ಬಾಗಿಲಿನ ಪೆಟ್ಟಿಗೆ, ಅದರೆದುರು ನೀಲಿ ಪ್ಲಾಸ್ಟಿಕ್ ಹಾಳೆ, ಮಾಳಿಗೆ ಮೇಲೆ ಆಂಟೆನಾ. ಸಂಜೆಯಾದರೆ ನಾವು ಕುಂಟೆಬಿಲ್ಲೆ ಬಿಟ್ಟು, ಕಾಲು ತೊಳೆದುಕೊಂಡು ಹೋಗಿ ನೆಲದ ಮೇಲೆ ಕೂರುತ್ತಿದ್ದೆವು. ಕಾಲು ತೊಳೆಯದವರನ್ನು ಮೇಷ್ಟ್ರು ಒಳಗೆ ಬಿಡುತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಕಾಲದಲ್ಲಿ, ವಾರಕ್ಕೊಂದು ಸಂಜೆ ಹೊಸ ಆಟವೊಂದು ಬರತೊಡಗಿತು. ಅಗಲ ಕಾಲರಿನ ಯುವಕನೊಬ್ಬ ದೊಡ್ಡದೊಂದು ಚಿತ್ರ ತೋರಿಸುತ್ತಿದ್ದ. ಅದರ ಗೆರೆಗಳೊಳಗೆ ಪ್ರಾಣಿಗಳು ಅಡಗಿರುತ್ತಿದ್ದವು. ಗಂಟೆ ಹೊಡೆಯುವುದರೊಳಗೆ ಸ್ಪರ್ಧಿಗಳು ಅವನ್ನು ಹುಡುಕಬೇಕು.

ಚಿತ್ರವೆಂದ ಮೇಲೆ ಅದು ತಮ್ಮ ಇಲಾಖೆ ಎಂದು ಮೇಷ್ಟ್ರ ನಂಬಿಕೆ. ನಮ್ಮೂರಿನ ಅರ್ಧ ಜನಕ್ಕೆ ಹೂಜಿ, ಬಾಳೆಹಣ್ಣು ಬರೆಯುವುದನ್ನು ಕಲಿಸಿ ನಿವೃತ್ತರಾದವರು ಅವರು. ಬೆತ್ತ ಹಿಡಿದು ಟಿವಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಆದರೆ ಬೆತ್ತ ಮೇಲೇಳುವ ಮೊದಲೇ ಹಿಂದಿನಿಂದ ನಮ್ಮಜ್ಜಿ ಮುನಿಯಮ್ಮ, ಮೊರದಲ್ಲಿ ಅವರೆಕಾಳು ಹಿದುಕುತ್ತಲೇ, ಕೊಂಬೆಯ ಕೋತಿ, ಬಾವಿಕಟ್ಟೆಯ ಬೆಕ್ಕು ಎಂದು ಎಲ್ಲವನ್ನೂ ಹೇಳಿ ಮುಗಿಸಿರುತ್ತಿದ್ದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಟ್ಟೆ ತುಂಬ ಹರಿದಾಡುವ ರೇಷ್ಮೆಹುಳಗಳಲ್ಲಿ ಗೂಡು ಕಟ್ಟಲು ಹಣ್ಣಾದ ಹುಳ ಯಾವುದೆಂದು ಒಂದೇ ನೋಟಕ್ಕೆ ಆರಿಸುತ್ತ ಜೀವಮಾನ ಕಳೆದವಳು.

ಮೂರನೇ ವಾರ ಮೇಷ್ಟ್ರು, ಗಂಟೆ ಹೊಡೆಯುವವರೆಗೆ ಯಾರೂ ಬಾಯಿ ಬಿಡಕೂಡದೆಂದು ಕಾನೂನು ಮಾಡಿದರು. ಅಜ್ಜಿ ಬಾಯಿ ಬಿಡಲಿಲ್ಲ. ಪ್ರಾಣಿಯೊಂದು ಸಿಕ್ಕಾಗಲೆಲ್ಲ ಮೂಗಿನಲ್ಲೇ "ಹ್ಞೂಂ" ಎನ್ನುತ್ತಿದ್ದಳು. ಒಂದು ಪ್ರಾಣಿಗೆ ಒಂದು ಹ್ಞೂಂ. ಮೇಷ್ಟ್ರು ಚಿತ್ರ ಬಿಟ್ಟು ಹ್ಞೂಂಗಳನ್ನೇ ಎಣಿಸುವಂತಾಯಿತು.

ಆರನೇ ವಾರ ಮಾವಿನಮರದಡಿ ಎತ್ತಿನ ಬಂಡಿ ನಿಂತ ಚಿತ್ರ ಬಂತು. ಏಳರಲ್ಲಿ ಆರು ಪ್ರಾಣಿ ಸಿಕ್ಕವು. ಏಳನೆಯದನ್ನು ವೀಕ್ಷಕರೇ ಹುಡುಕಿ ಕಾರ್ಡು ಬರೆಯಬೇಕು, ಉತ್ತರ ಮುಂದಿನ ವಾರ ಎಂದ ಯುವಕ. ಮರದ ಬೇರಿನಲ್ಲಿ ಮೊಲವಿದೆ ಎಂದು ಮೇಷ್ಟ್ರು ಬೆತ್ತ ಊರಿದರು.

"ಮೊಲ ಕಾದು ಮೇಷ್ಟ್ರೇ," ಎಂದಳು ಅಜ್ಜಿ. ಕಾದು ಅಂದರೆ ಅಲ್ಲ; ಸೋತ ಮಾತಿಗೂ ಗೆದ್ದ ಮಾತಿಗೂ ಅವಳಿಗೆ ತೆಲುಗೇ ಬರುತ್ತಿತ್ತು. "ಗಾಲಿ ಹಿಂದ್ಗಡೆ ಆಮೆ ಐತೆ."

"ಇದು ಮೂವತ್ತು ವರ್ಷ ಚಿತ್ರ ಬರ್ದಿರೋ ಕಣ್ಣು, ಮುನಿಯಮ್ಮನವ್ರೇ."

"ನಿಮ್ದು ಬರಿಯೋ ಕಣ್ಣು. ಇದು ಹುಡ್ಕೋ ಕೆಲ್ಸ."

ಮೇಷ್ಟ್ರು ಟಿವಿ ಆರಿಸಿ ಅದರ ಬಾಗಿಲು ಎಳೆದುಬಿಟ್ಟರು.

ಮರುದಿನ ಅಜ್ಜಿಯ ಕಾರ್ಡನ್ನು ಬರೆದವಳು ನಾನು. ಅಂಚೆಡಬ್ಬಿಯ ಹತ್ತಿರ ಹೋದರೆ, ತಮ್ಮ ಮೊಲದ ಕಾರ್ಡು ಹಿಡಿದು ಮೇಷ್ಟ್ರೇ ನಿಂತಿದ್ದರು. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿದರು. ಹರಿದೇ ಹಾಕುತ್ತಾರೆಂದುಕೊಂಡೆ. ಅವರು ಜೇಬಿನಿಂದ ಪೆನ್ನು ತೆಗೆದು, ನಾನು "ಅಮೆ" ಎಂದು ಬರೆದಿದ್ದುದನ್ನು "ಆಮೆ" ಎಂದು ತಿದ್ದಿ, ಎರಡೂ ಕಾರ್ಡನ್ನು ತಾವೇ ಡಬ್ಬಿಗೆ ಹಾಕಿದರು.

ಮುಂದಿನ ವಾರ ಪಕ್ಕದ ಬೀದಿಯವರೂ ಬಂದು ಕೂತರು. ಟಿವಿಯಲ್ಲಿ ಒಬ್ಬರು ದ್ರಾಕ್ಷಿ ಬಳ್ಳಿಗೆ ಗೊಬ್ಬರ ಹಾಕುವ ಬಗೆ ವಿವರಿಸುತ್ತಿದ್ದರು. ಅದು ಮುಗಿದ ಮೇಲೆ ಬರಬಹುದೆಂದು ಕಾದೆವು. ಬರಲಿಲ್ಲ. ಅದರ ಮರುವಾರವೂ ಇಲ್ಲ. ಆ ಆಟ ಯಾಕೆ ನಿಂತಿತೆಂದು ಯಾರೂ ಹೇಳಲಿಲ್ಲ. ಏಳನೇ ಪ್ರಾಣಿ ಅದರೊಂದಿಗೇ ಹೋಯಿತು.

ಉತ್ತರ ಬಾರದ್ದರಿಂದ ಜಗಳವೂ ಮುಗಿಯಲಿಲ್ಲ. ಅಜ್ಜಿ ಟಿವಿಗೆ ಹೋಗುವುದನ್ನು ಬಿಟ್ಟಳು. ಅಜ್ಜಿ ಹೋಗದ ಮನೆಗೆ ನಾನೂ ಹೋಗುವಂತಿರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಆಚೆ ಮನೆಯಿಂದ ಬರುವ ಹಾಡು ಕೇಳುತ್ತಿದ್ದೆ.

ಹದಿನೈದು ದಿನವಾದ ಮೇಲೆ ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ನೆನಪಿನಿಂದಲೇ ಆ ಚಿತ್ರ ಬರೆದು ತೋರಿಸುತ್ತೇನೆ ಎಂದರು. ಅವ್ವ ಕಾಗದ ಹುಡುಕುವಷ್ಟರಲ್ಲಿ ಒಲೆಯ ಇದ್ದಿಲು ತೆಗೆದುಕೊಂಡು, ಹಬ್ಬಕ್ಕೆಂದು ಸುಣ್ಣ ಬಳಿದಿದ್ದ ಗೋಡೆಯ ಮೇಲೆಯೇ ಶುರುಮಾಡಿದರು. ಮರ ಬಂತು, ಬಂಡಿ ಬಂತು, ಬೇರಿನಲ್ಲಿ ಎರಡು ಕಿವಿಯ ಮೊಲವೂ ಬಂತು.

ಅಜ್ಜಿ ಹತ್ತಿರ ಹೋಗಿ ನೋಡಿದಳು. ಮೊಲ ಇರುವುದನ್ನು ಒಪ್ಪಿಕೊಂಡಳು. ಆಮೇಲೆ, "ಆಮೇನೂ ಚೆನ್ನಾಗ್ ಬರ್ದಿದೀರಿ ಮೇಷ್ಟ್ರೇ," ಎಂದಳು.

"ನಾನು ಆಮೆ ಬರ್ದೇ ಇಲ್ಲ."

ಅಜ್ಜಿ ಬೆರಳಿಟ್ಟು ತೋರಿಸಿದಳು. ಗಾಲಿಯ ಹಿಂದಿನ ಕಲ್ಲೇ ಬೆನ್ನು, ಪಕ್ಕದ ಗೂಟವೇ ಕತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವ್ವ ತಂದ ಕಾಫಿಗೆ ಕೆನೆ ಕಟ್ಟುವವರೆಗೆ ಆ ಕಲ್ಲನ್ನೇ ನೋಡುತ್ತಿದ್ದರು. ಕೊನೆಗೆ, "ನಾಳೆಯಿಂದ ಟಿವಿಗೆ ಬನ್ನಿ. ಮಗೂನೂ ಕರ್ಕೊಂಡ್ ಬನ್ನಿ," ಎಂದರು. ಆಮೆ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ಆ ಚಿತ್ರವನ್ನು ಅಜ್ಜಿ ಅಳಿಸಗೊಡಲಿಲ್ಲ. ಪ್ರತಿ ವರ್ಷ ಅದರ ಸುತ್ತ ಮಾತ್ರ ಸುಣ್ಣ ಬೀಳುತ್ತಿತ್ತು. ಮೇಷ್ಟ್ರು ಆಗಾಗ ಬಂದು ಅದರೆದುರು ಕೂತು, ಆ ಗೂಟ ಬರೀ ಗೂಟವೆಂದು ವಾದಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಈಗ ಆ ಗೋಡೆಯೂ ಇಲ್ಲ, ಇಬ್ಬರೂ ಇಲ್ಲ.

ನನ್ನ ಮಗಳ ಫೋನಿನಲ್ಲೂ ಅಂಥದ್ದೊಂದು ಆಟವಿದೆ. ಬೆರಳು ತಾಗಿದರೆ ಸಾಕು, ಸರಿಯೋ ತಪ್ಪೋ ಅದೇ ಹೇಳಿಬಿಡುತ್ತದೆ. ಇಬ್ಬರೂ ಸೇರಿ ಹುಡುಕೋಣ ಎಂದು ಮೊನ್ನೆ ಕನ್ನಡಕ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ಎಲ್ಲವನ್ನೂ ಹುಡುಕಿ ಮುಗಿಸಿ, ಫೋನು ಮಗುಚಿಟ್ಟಿದ್ದಳು.