ಐದೂಕಾಲಿನ ರೈಲು, ನನ್ನ ಹೆರಿಗೆ

ಗೋಡೆಯ ಗಡಿಯಾರ ನಾಲ್ಕು ಗಂಟೆ ತೋರಿಸುತ್ತಿತ್ತು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಅರಸೀಕೆರೆಯ ಆ ಸಣ್ಣ ನರ್ಸಿಂಗ್ ಹೋಮಿನ ಹೆರಿಗೆ ಕೋಣೆಯಲ್ಲಿ ಗಡಿಯಾರವೇ ಇರಲಿಲ್ಲ ಎನ್ನುತ್ತಾಳೆ ಅಕ್ಕ. ಇರಲಿ. ಹೊತ್ತು ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಎಲ್ಲರೂ ಐದೂಕಾಲಿನ ರೈಲಿನ ಬಗ್ಗೆಯೇ ಮಾತಾಡುತ್ತಿದ್ದರು.

ಆ ರೈಲು ಹಿಡಿಯಬೇಕಾದವರು ಅರಿವಳಿಕೆ ಕೊಡುವ ಡಾಕ್ಟರು. ಬೆಳಿಗ್ಗೆ ಯಾರದೋ ಆಪರೇಷನ್‌ಗೆಂದು ಹಾಸನದಿಂದ ಬಂದಿದ್ದರು. ಅವರು ಹೊರಟರೆ ಆ ಆಸ್ಪತ್ರೆಗೆ ಮರುದಿನದವರೆಗೆ ಇನ್ನೊಬ್ಬರಿಲ್ಲ. ನನಗೋ ಇದು ಚೊಚ್ಚಲು. ಕೊಯ್ಯಿಸಿಕೊಳ್ಳದೆ ಹೆರಬೇಕು ಎಂಬುದೊಂದೇ ಹಟ.

"ಮಗು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯ," ಎಂದರು ಹೆರಿಗೆ ಮಾಡಿಸುವ ಡಾಕ್ಟರಮ್ಮ. "ಆದ್ರೆ ನಿಧಾನ ಆಗ್ತಿದೆ. ಸಾರ್ ಹೋದ್ಮೇಲೆ ಏನಾದ್ರೂ ಎಡವಟ್ಟಾದ್ರೆ ನಿನ್ನನ್ನ ಹಾಸನಕ್ಕೆ ಸಾಗಿಸ್ಬೇಕು. ದಾರೀಲಿ ಏನಾಗತ್ತೋ ಅಂತ ನನಗೆ ಭಯ. ಈಗ್ಲೇ ಸಿಸೇರಿಯನ್ ಮಾಡ್ಬಿಡೋಣ."

ಅವರ ಭಯ ಸುಳ್ಳಲ್ಲ. ಅದು ಅರ್ಥವಾಗಿದ್ದರಿಂದಲೇ ಜಗಳವಾಡಲೂ ಆಗಲಿಲ್ಲ.

ಜಾವಗಲ್‌ನ ಮನೆಯಲ್ಲಿ ಸೂಲಗಿತ್ತಿಯ ಕೈಲಿ ನಾಲ್ಕು ಹೆತ್ತ ಅವ್ವ ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳೇ ಮೊದಲು ತಲೆಯಾಡಿಸಿದಳು.

"ಕುಯ್ಸ್ಕೊಂಡ್ಬಿಡೇ. ನಮಗೆ ಗತಿ ಇರ್ಲಿಲ್ಲ. ನಿಮಗೆ ಎಲ್ಲಾ ಐತಲ್ಲ."

"ಕೊನೇದು ಹೆತ್ತು ಸಂಜೆಗೇ ಮುದ್ದೆ ಮಾಡ್ದೆ ಅಂತ ಊರಿಗೆಲ್ಲ ಹೇಳ್ತಿದ್ಯಲ್ಲವ್ವ."

"ಹೇಳ್ತೀನಿ. ಅಳ್ತಾ ಮಾಡ್ದೆ ಅಂತ ಹೇಳಲ್ಲ, ಅಷ್ಟೇ."

ಅಕ್ಕನಿಗೆ ಎರಡೂ ಸಿಸೇರಿಯನ್. "ಏನೂ ಗೊತ್ತಾಗಲ್ಲ ಕಣೇ, ಹೆದರ್ಬೇಡ," ಎನ್ನುತ್ತಿದ್ದಳು. ನನ್ನ ಗಂಡ ಒಪ್ಪಿಗೆ ಪತ್ರ ಹಿಡಿದು, ಪೆನ್ನಿನ ಕ್ಯಾಪ್ ತೆಗೆದು ನಿಂತಿದ್ದ.

ನೋವೊಂದು ಬಂದು ಹೋಯಿತು. ಆ ಬಿಡುವಿನಲ್ಲಿ ಬಾಗಿಲಾಚೆ ಅರಿವಳಿಕೆ ಡಾಕ್ಟರು ಬ್ಯಾಗು ಹಿಡಿದು ನಿಂತಿದ್ದು ಕಂಡಿತು. ಇಷ್ಟು ಹೊತ್ತು ಎಲ್ಲರೂ ಅವರ ಬಗ್ಗೆ ಮಾತಾಡಿದ್ದರು, ಅವರೊಡನೆ ಯಾರೂ ಮಾತಾಡಿರಲಿಲ್ಲ. ಹೊರಗಿನಿಂದ ಬಂದ ದೊಡ್ಡ ಡಾಕ್ಟರನ್ನು ಕಾಯಿಸುವುದು ಹೇಗೆ? ಡಾಕ್ಟರಮ್ಮನಿಗೇ ಸಂಕೋಚ. ನಾನು ಕೂಗಿಯೇ ಬಿಟ್ಟೆ.

"ಸಾರ್, ಇದು ತಪ್ಪಿದ್ರೆ ಇನ್ನೊಂದು ರೈಲು ಎಷ್ಟೊತ್ತಿಗಿದೆ?"

ಅವ್ವ ನನ್ನ ತೋಳು ಚಿವುಟಿದಳು.

"ಏಳೂವರೆಗೆ," ಎಂದರು ಅವರು. "ಯಾಕಮ್ಮ?"

"ಅದಕ್ಕೆ ಹೋಗ್ತೀರಾ?"

ಅವರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ ಮಗುವಿನ ಎದೆಬಡಿತದ ಮಾನಿಟರ್ ನೋಡಿದರು.

"ಅಲ್ಲೀವರೆಗೂ ಕಾಯಬಹುದು ಸಾರ್. ನಿಮಗೆ ತೊಂದ್ರೆ ಇಲ್ಲ ಅಂದ್ರೆ."

"ಮೊದ್ಲೇ ಹೇಳೋದಲ್ವಾ," ಎಂದು ಅವರು ಬ್ಯಾಗು ಕೆಳಗಿಟ್ಟರು. "ಒಂದು ಕಾಫಿ ತರ್ಸಿ."

ಎರಡು ಗಂಟೆ ಸಿಕ್ಕಿತ್ತು! ಅದರಲ್ಲಿ ಏನೇನಾಯಿತೆಂದು ಸಾಲಾಗಿ ಹೇಳಿದರೆ ಅದು ಕಟ್ಟುಕತೆ. ನಡೆದೆ. ಕಿಟಕಿ ಸರಳು ಹಿಡಿದು ಜೋತುಬಿದ್ದೆ. ಗಂಡನನ್ನು ಬೈದೆ, ಏನೆಂದು ಬೈದೆನೋ ಅವನಿಗೆ ಮಾತ್ರ ನೆನಪಿದೆ. ಯಾರೋ ನಕ್ಕರು, ಬಹುಶಃ ನಾನೇ. ಮಗಳು ಏಳಕ್ಕೆ ಮೊದಲು ಹುಟ್ಟಿದಳು. ಎಷ್ಟು ಮೊದಲು ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಉತ್ತರಗಳಿವೆ.

ಅಕ್ಕ ಮಗುವನ್ನು ಎತ್ತಿಕೊಂಡಳು. ಆಮೇಲೆ ಕೇಳಿದಳು: "ನನ್ನ ಮೊದಲನೇದಕ್ಕೂ ಒಂದು ಮಾತು ಕೇಳ್ಬೋದಿತ್ತೇನೇ?"

ಅವಳಿಗೆ ಆಗ ಬಿಪಿ ಏರಿತ್ತು, ಕೇಳಿದ್ದರೂ ಕೊಯ್ಯುತ್ತಿದ್ದರೇನೋ. ಅಥವಾ ಬಿಪಿ ಏರಿದ್ದು ಎರಡನೆಯದಕ್ಕೆ.

"ಗೊತ್ತಿಲ್ಲ ಕಣಕ್ಕ."

"ಕೇಳ್ಬೇಕಿತ್ತು," ಎಂದಳು.